ಜುನಿಪರ್ ತುದಿ ಕೆಂಪಾದರೆ

14 ಮಾರ್ಚ್ 2024, ಗುರುವಾರ
ಸಾಂಡಿಯಾ ತಪ್ಪಲು, ನ್ಯೂ ಮೆಕ್ಸಿಕೋ

ಇಲ್ಲಿಯ ಪಿನ್ಯಾನ್–ಜುನಿಪರ್ ಕಾಡಿನಲ್ಲಿ (ಪಿನ್ಯಾನ್ ಕುಳ್ಳ ಪೈನ್, ಜುನಿಪರ್ ಸದಾ ಹಸಿರಿನ ಸೂಚಿಪರ್ಣಿ ಮರ) ಜುನಿಪರ್ ಕೊಂಬೆ ಕೊರೆಯುವ ಸ್ಟೈಲಾಕ್ಸಸ್ ಬೈಕಲರ್ ಎಂಬ ಜೀರುಂಡೆಯ ಮರಿಹುಳು ಮಾಡಿದ ಹಾನಿ ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಜೀರುಂಡೆ ಕೈಗೆ ಸಿಗುವುದಿಲ್ಲ. ಹಸಿರು ಮರದಲ್ಲಿ ಅಲ್ಲೊಂದು ಇಲ್ಲೊಂದು ತುದಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಹುಳು ಒಳಗಿದೆ. ನಮ್ಮ ಕಾಫಿ ತೋಟದ ಬಿಳಿ ಕಾಂಡಕೊರಕದ ಕುಟುಂಬವೇ ಇದು, ಉದ್ದ ಮೀಸೆಯ ಜೀರುಂಡೆಗಳ ಸೆರಾಂಬಿಸಿಡೆ. ಆದರೆ ಇದು ಗಿಡವನ್ನು ಸಾಯಿಸುವುದು ಅಪರೂಪ.

ಸಂಗ್ರಹಕ್ಕೆ ಜೀರುಂಡೆ ಬೇಕಿದ್ದರೆ ಬಲೆ ಹಿಡಿದು ಅಲೆಯುವುದಕ್ಕಿಂತ ಹುಳುವಿರುವ ಕೊಂಬೆ ತಂದು, ಅದು ಜೀರುಂಡೆಯಾಗಿ ಹೊರಬರುವವರೆಗೆ ಸಾಕುವುದೇ ಮೇಲು. ಕೆಂಪು ತುದಿಯೆಲ್ಲ ಇದರ ಕೆಲಸವಲ್ಲ. ಬರ, ಬಂದಳಿಕೆ, ಚಳಿಗಾಳಿ ಇವೂ ಹಾಗೇ ಮಾಡುತ್ತವೆ. ಮೊದಲು ಒಂದು ಕೊಂಬೆ ಸೀಳಿ ನೋಡಬೇಕು. ನಡುವೆ ಉದ್ದಕ್ಕೆ ಸುರಂಗ, ಅದರಲ್ಲಿ ಹಿಕ್ಕೆಪುಡಿ ಇದ್ದರೆ ಸರಿ. ಹುಳು ಬುಡದ ಕಡೆಗೆ ಕೊರೆಯುತ್ತಾ ಹೋಗುತ್ತದೆ, ಹಾಗಾಗಿ ಕೆಂಪು ಮುಗಿಯುವಲ್ಲಿ ಕತ್ತರಿಸಿದರೆ ಖಾಲಿ ಸುರಂಗವಷ್ಟೇ ಸಿಗುವ ಸಂಭವ ಹೆಚ್ಚು. ಹಸಿರು ಭಾಗಕ್ಕೂ ಒಂದು ಗೇಣು ಇಳಿದು ಕತ್ತರಿ ಹಾಕಿ. ಕೊಯ್ದ ಬಾಯಿಯಲ್ಲೂ ತೂತು ಕಂಡರೆ ಇನ್ನೂ ಕೆಳಗೆ ಹೋಗಿ. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿರಲಿ.

ಕೊಯ್ದ ತುದಿಗೆ ಕರಗಿದ ಮೇಣ ಹಚ್ಚುವುದು ಇಲ್ಲಿ ಕಡ್ಡಾಯ. ಈ ಒಣಹವೆಯಲ್ಲಿ ಸಣ್ಣ ಕೊಂಬೆ ಬೇಗ ಗರಿಗರಿಯಾಗಿ ಹುಳು ಒಳಗೇ ಸಾಯುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು. ರಟ್ಟಿನ ಪೆಟ್ಟಿಗೆ, ಅದರ ಕಿಟಕಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ, ವಾರಕ್ಕೊಮ್ಮೆ ಲಘುವಾಗಿ ನೀರು ಸಿಂಪಡಣೆ: ಇಷ್ಟು ಸಾಕು. ಬಟ್ಟೆ ಕಟ್ಟಿದರೆ ಜೀರುಂಡೆ ಕಡಿದು ಪಾರಾಗಬಹುದು. ಪೆಟ್ಟಿಗೆಯ ಪಕ್ಕದಲ್ಲಿ ತೂತು ಮಾಡಿ ಗಾಜಿನ ಸೀಸೆ ಸಿಕ್ಕಿಸಿದರೆ ಹೊರಬಂದದ್ದು ಬೆಳಕಿನ ಕಡೆ ಬಂದು ಅದರೊಳಗೆ ಸೇರುತ್ತದೆ. ಪರಾವಲಂಬಿ ಕಣಜಗಳೂ ಬರುತ್ತವೆ. ಬಹಳ ಜನ ಅವನ್ನು ಕೊಡವಿ ಎಸೆಯುತ್ತಾರೆ, ದಡ್ಡತನ, ಅವೂ ದಾಖಲೆಯೇ.

ಜೀರುಂಡೆ ಹೊರಬಂದ ಕೂಡಲೇ ಕೊಲ್ಲಬಾರದು. ಕವಚ ಗಟ್ಟಿಯಾಗಿ ಬಣ್ಣ ನಿಲ್ಲಲು ಒಂದೆರಡು ದಿನ ಬಿಟ್ಟು ಆಮೇಲೆ, ಕೀಟ ಕೊಲ್ಲಲು ಬಳಸುವ ಈಥೈಲ್ ಅಸಿಟೇಟ್ ದ್ರವದ ಸೀಸೆಗೆ ಹಾಕಬೇಕು. ಮೈ ಸಣ್ಣದು, ಸೂಜಿ ಚುಚ್ಚಿದರೆ ಸೀಳುತ್ತದೆ. ತ್ರಿಕೋನದ ಕಾಗದದ ತುದಿಗೆ ಅಂಟಿಸಿ, ಸೂಜಿ ಆ ಕಾಗದಕ್ಕೆ ಚುಚ್ಚಿ.

ಮಾದರಿಯ ಜೊತೆಗಿಡುವ ಚೀಟಿಯಲ್ಲಿ ಕೊಂಬೆ ಕೊಯ್ದ ದಿನ, ಜೀರುಂಡೆ ಹೊರಬಂದ ದಿನ ಎರಡೂ ಬೇರೆಬೇರೆ ಇರಬೇಕು. ಜೊತೆಗೆ ಸ್ಥಳ, ಎತ್ತರ, ಜುನಿಪರಿನ ಜಾತಿ. ಹೊರಬಂದ ದಿನ ಒಂದನ್ನೇ ಬರೆದರೆ, ಒಳಾಂಗಣದ ಶಾಖಕ್ಕೆ ಮುಂಚೆ ಎದ್ದ ಜೀರುಂಡೆಯನ್ನು ಮುಂದೆ ಯಾರೋ ಕಾಡಿನ ಋತುವೆಂದು ಓದಿಕೊಳ್ಳುತ್ತಾರೆ. ಈ ಬೇಸಿಗೆ ಏನೂ ಬರದಿದ್ದರೂ ಪೆಟ್ಟಿಗೆ ಖಾಲಿ ಮಾಡಬೇಡಿ, ಮುಂದಿನ ಬೇಸಿಗೆಯೂ ಕಳೆಯಲಿ.