ಬೋವಾ ಮಾತನ್ನೇ ಒಪ್ಪದ ಬೋವಾ ಸಂಘ

ಲೇಖಕರ ಹೆಸರಲ್ಲಿ ಕಟ್ಟಿದ ಸಂಘಗಳೆಂದರೆ ನನಗೆ ಯಾವಾಗಲೂ ಸ್ವಲ್ಪ ಗುಮಾನಿ. ವರ್ಷಕ್ಕೊಮ್ಮೆ ಸೇರಿ, ಸತ್ತವರನ್ನೂ ಪಕ್ಕದಲ್ಲಿ ಕೂತವರನ್ನೂ ಹೊಗಳಿ ಎದ್ದು ಹೋಗುತ್ತಾರೆ. ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ ಮಾತ್ರ ನನಗೆ ಇಷ್ಟ. ಕಾರಣ ಇಷ್ಟೇ: ಅಲ್ಲಿನ ಜನ ದಶಕಗಳಿಂದ ಬೋವಾ ಜೊತೆಗೇ ಜಗಳ ಆಡುತ್ತಾ ಬಂದಿದ್ದಾರೆ.

ಜಗಳ ಏನು ಅಂದರೆ, 'ಸಾರ್ತ್ರ ತತ್ವಜ್ಞಾನಿ, ನಾನಲ್ಲ' ಎಂದು ಬೋವಾ ತಮ್ಮ ಬಾಳಸಂಗಾತಿ, ಫ್ರೆಂಚ್ ಚಿಂತಕ ಜಾನ್-ಪಾಲ್ ಸಾರ್ತ್ರನನ್ನು ತೋರಿಸಿ ಕೊನೆಯವರೆಗೂ ಹೇಳುತ್ತಿದ್ದರು. ಸಂಘದವರು ಹೇಳುವುದು, 'ಇಲ್ಲಮ್ಮ, ನೀವೇ ತತ್ವಜ್ಞಾನಿ.' 1980ರ ದಶಕದ ಆರಂಭದಲ್ಲಿ, ಬೋವಾ ಇನ್ನೂ ಬದುಕಿದ್ದಾಗಲೇ ಈ ಗುಂಪು ಶುರುವಾಯಿತು. ಅದರ ಪತ್ರಿಕೆ ಬಂದದ್ದು 1983ರಲ್ಲಿ. ಅದೇ ವರ್ಷ ಮಾರ್ಗರೆಟ್ ಸೈಮನ್ಸ್ ಎಂಬ ವಿದ್ವಾಂಸೆ ಒಂದು ಲೇಖನ ಬರೆದು, ಹೆಣ್ಣಿನ ಸ್ಥಿತಿಯ ಬಗ್ಗೆ ಬೋವಾ ಫ್ರೆಂಚಿನಲ್ಲಿ ಬರೆದ 1949ರ 'ದಿ ಸೆಕೆಂಡ್ ಸೆಕ್ಸ್' ಪುಸ್ತಕದ ಇಂಗ್ಲಿಷ್ ರೂಪದಿಂದ ಏನೇನು ಮಾಯವಾಗಿದೆ ಎಂದು ತೋರಿಸಿದರು. 1953ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಪಾರ್ಶ್ಲೀ ಎಂಬ ಪ್ರಾಣಿಶಾಸ್ತ್ರದ ಮೇಷ್ಟ್ರು. ಪುಸ್ತಕ ಉದ್ದವಾಯಿತು ಎಂದು ಪ್ರಕಾಶಕರಿಗೆ ಅನ್ನಿಸಿತ್ತು. ಕತ್ತರಿ ಬಿದ್ದದ್ದು ಜಾಸ್ತಿ ಎಲ್ಲಿಗೆ ಗೊತ್ತಾ? ಇತಿಹಾಸದ ಹೆಂಗಸರ ಕಥೆಗಳಿಗೆ. ಪೂರ್ತಿ ಪಠ್ಯ ಇಂಗ್ಲಿಷಿಗೆ ಬರಲು 2009ರವರೆಗೆ ಕಾಯಬೇಕಾಯಿತು. ಬಂದ ಮೇಲೆ ಅದರ ಬಗ್ಗೆಯೂ ಜೋರು ಜಗಳ ನಡೆಯಿತು, ಅದು ಬೇರೆ ಕಥೆ.

ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಡೈರಿಯ ವಿಷಯ. ಬೋವಾ 1986ರಲ್ಲಿ ತೀರಿಕೊಂಡರು. ಆಮೇಲೆ ಅವರ ದತ್ತುಮಗಳು ಸಿಲ್ವಿ ಲೆ ಬೊನ್ ಹಳೆಯ ಕೈಬರಹದ ನೋಟ್‌ಬುಕ್‌ಗಳನ್ನು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಬೋವಾ ಅಕ್ಷರ ಓದುವುದು ಅಂದರೆ ದೊಡ್ಡ ಕಷ್ಟ. ಒಂದೊಂದು ಸಾಲೂ ಬಿಡಿಸಿ ಬಿಡಿಸಿ ಓದಬೇಕು. ಹಾಗೆ ಓದಿದವರಿಗೆ 1927ರ ಜುಲೈನ ಒಂದು ಪುಟದಲ್ಲಿ ಸಿಕ್ಕಿದ್ದು ಇದು: ತನ್ನನ್ನು ಕಾಡುವ ವಿಷಯ ಹೆಚ್ಚುಕಡಿಮೆ ಯಾವಾಗಲೂ ಒಂದೇ, 'ನಾನು' ಮತ್ತು 'ಇನ್ನೊಬ್ಬರು' ಇವರ ನಡುವಿನ ಎದುರಾಟ. ಬದುಕಲು ಶುರುಮಾಡಿದಾಗಿನಿಂದಲೂ ಇದು ತನಗೆ ಗೊತ್ತು ಎಂದು ಹತ್ತೊಂಬತ್ತರ ಹುಡುಗಿ ಬರೆದಿಟ್ಟಿದ್ದಳು.

1927! ಸಾರ್ತ್ರನ ಪರಿಚಯ ಆದದ್ದು 1929ರಲ್ಲಿ. ಗಂಡಸು ತಾನೇ 'ನಾನು' ಎಂದುಕೊಂಡು ಹೆಂಗಸನ್ನು 'ಇನ್ನೊಬ್ಬಳು' ಮಾಡಿದ ಎನ್ನುವುದೇ 'ದಿ ಸೆಕೆಂಡ್ ಸೆಕ್ಸ್' ವಾದದ ಬೆನ್ನೆಲುಬು. ಅದರ ಬೀಜ ಸಾರ್ತ್ರನ ಜೋಳಿಗೆಯಿಂದ ಬಂತು ಎಂದು ಎಷ್ಟು ವರ್ಷ ಹೇಳಿದ್ದರು! ಬೋವಾ ಕೂಡ ಅಲ್ಲ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದಕ್ಕೆ ವಿದ್ವಾಂಸರಲ್ಲಿ ನಾಲ್ಕಾರು ಉತ್ತರಗಳಿವೆ, ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. 1929ರ ತತ್ವಶಾಸ್ತ್ರದ ದೊಡ್ಡ ಪರೀಕ್ಷೆಯಲ್ಲಿ ಸಾರ್ತ್ರ ಮೊದಲು, ಬೋವಾ ಎರಡನೆಯವರು. ಆದರೆ ಸಾರ್ತ್ರನಿಗೆ ಅದು ಎರಡನೇ ಸಲ, ಹಿಂದಿನ ವರ್ಷ ಫೇಲಾಗಿದ್ದ. ಇದನ್ನು ಸುಮ್ನೆ ಹೇಳಿದೆ, ಅಷ್ಟೇ.

ಇನ್ನೊಂದು ತಮಾಷೆ. ಡೈರಿಯ ಮೊದಲ ಸಂಪುಟ ಇಂಗ್ಲಿಷಿನಲ್ಲಿ 2006ಕ್ಕೇ ಬಂತು, ಅದರ ಫ್ರೆಂಚ್ ಮೂಲ ಅಚ್ಚಾದದ್ದು 2008ರಲ್ಲಿ. ತವರಿಗಿಂತ ಹೊರಗಿನವರಿಗೇ ಅವಸರ ಜಾಸ್ತಿ ಇತ್ತು ನೋಡಿ.

ಈ ಸಂಘದ ಮೇಲೆ ನನ್ನ ತಕರಾರೂ ಇದೆ. ಪತ್ರಿಕೆ ಫ್ರೆಂಚ್, ಇಂಗ್ಲಿಷ್ ಎರಡರಲ್ಲಿ ಮಾತ್ರ. ಕೆಲವು ಲೇಖನಗಳಂತೂ ಅಡಿಟಿಪ್ಪಣಿಗಳ ಕಾಡು, ಒಳಗೆ ಹೊಕ್ಕರೆ ಬೋವಾ ಎಲ್ಲಿದ್ದಾರೆ ಎಂದು ಹುಡುಕಬೇಕು. ಅವರೋ ಕಾದಂಬರಿ, ಆತ್ಮಕಥೆ, ಪತ್ರ ಎಂದು ಎಲ್ಲರಿಗೂ ಅರ್ಥವಾಗುವಂತೆ ಬರೆದವರು. ಸದ್ಯ ಡೈರಿಯ ಎರಡನೇ ಸಂಪುಟ ಓದುತ್ತಿದ್ದೇನೆ, 1928–29ರದ್ದು. ಸಾರ್ತ್ರ ಬರುವುದು ಇನ್ನೂ ಮುಂದೆ. ನನಗೇನೂ ಅವಸರವಿಲ್ಲ.