ಏಳಕ್ಕೆ ಆರ್‌ಸಿಬಿ, ಹನ್ನೊಂದಕ್ಕೆ ಡಿಮ್ ಸಮ್

ಐಪಿಎಲ್ ನಡೆಯುವ ಏಪ್ರಿಲ್, ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರಿಗೆ ಗಡಿಯಾರ ಒಂದು ಉಪಕಾರ ಮಾಡುತ್ತದೆ. ಭಾರತದಲ್ಲಿ ರಾತ್ರಿ 7:30ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಬೆಳಗ್ಗೆ 7ಕ್ಕೆ, ಟಾಸ್ 6:30ಕ್ಕೆ. ಅಲ್ಲಿನ ಮಧ್ಯಾಹ್ನ 3:30ರ ಪಂದ್ಯವಾದರೆ ಇಲ್ಲಿ ನಸುಕಿನ 3 ಗಂಟೆ. ಅದನ್ನು ನಿದ್ದೆ ಬಾರದವರಿಗೆ ಬಿಟ್ಟುಬಿಡಿ. 7ರ ಪಂದ್ಯ ಸೂಪರ್ ಓವರ್‌ಗೆ ಹೋಗದಿದ್ದರೆ 10:45ರಿಂದ 11:10ರೊಳಗೆ ಮುಗಿಯುತ್ತದೆ. ಡಿಮ್ ಸಮ್ ಅಂದರೆ ಚಹಾದ ಜೊತೆ ಸಣ್ಣ ಬುಟ್ಟಿ, ತಟ್ಟೆಗಳಲ್ಲಿ ಬರುವ ದಕ್ಷಿಣ ಚೀನಾದ ತಿಂಡಿಗಳು; ಅದರ ಕ್ಯಾಂಟನೀಸ್ ಹೋಟೆಲುಗಳು ಬಾಗಿಲು ತೆರೆಯುವುದು ಸಾಮಾನ್ಯವಾಗಿ 10ರ ಸುಮಾರಿಗೆ, ಮಧ್ಯಾಹ್ನ 2:30–3ಕ್ಕೆಲ್ಲ ಬಿದಿರಿನ ಬುಟ್ಟಿಗಳು ಒಳಗೆ ಹೋಗಿಬಿಡುತ್ತವೆ. ಭಾನುವಾರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಪ್ಲೇಆಫ್ ಪಂದ್ಯ ಹಲವು ಸಲ ಇಲ್ಲಿನ 12:30ಕ್ಕೆ ಇರುತ್ತದೆ. ಗೆಳೆಯರು ಸೇರಲು ಇಷ್ಟು ಒಳ್ಳೆಯ ಭಾನುವಾರ ಮತ್ತೊಂದಿಲ್ಲ.

ತೊಡಕು ಒಂದೇ. ಎರಡನೇ ಇನಿಂಗ್ಸ್‌ನ 16ನೇ ಓವರ್ ಬರುವ ಹೊತ್ತಿಗೆ ಹೋಟೆಲಿನ ಮುಂದೆ ಸಾಲು ಬೆಳೆಯತೊಡಗುತ್ತದೆ. 11ರಿಂದ 1ರವರೆಗೆ ಭಾನುವಾರದ ನೂಕುನುಗ್ಗಲು. ಡೇಲಿ ಸಿಟಿಯ ಕೋಯ್ ಪ್ಯಾಲೇಸ್‌ನಂಥ ಹೆಸರಾದ ಜಾಗಗಳಲ್ಲಿ ಪಂದ್ಯ ಮುಗಿಸಿಕೊಂಡೇ ಹೊರಟರೆ ಕಾಯುವುದು ಒಂದು ಗಂಟೆ ದಾಟಬಹುದು. ಆದ್ದರಿಂದ ಗುಂಪಿನಲ್ಲಿ ಒಬ್ಬರು 10ಕ್ಕೇ ಹೊರಟು ಸರದಿಯ ಚೀಟಿ ಹಿಡಿಯಬೇಕು. ಕ್ರಿಕೆಟ್ ಹುಚ್ಚು ಕಡಿಮೆ ಇರುವವರನ್ನೇ ಈ ಕೆಲಸಕ್ಕೆ ಆರಿಸಿ. ಹುಚ್ಚರನ್ನು ಕಳಿಸಿದರೆ ಫೋನ್ ನೋಡುತ್ತಾ ನಿಂತು, ನಂಬರ್ ಕೂಗಿದ್ದು ಕೇಳದೆ, ಸರದಿ ತಪ್ಪಿಸಿಕೊಳ್ಳುತ್ತಾರೆ. ಬಹಳ ಕಡೆ ಗುಂಪಿನ ಎಲ್ಲರೂ ಬಂದ ಮೇಲೆಯೇ ಟೇಬಲ್ ಕೊಡುವುದು. ಹಾಗಾಗಿ ಮನೆಯಿಂದ ಹೋಟೆಲು ಇಪ್ಪತ್ತು ನಿಮಿಷಕ್ಕಿಂತ ದೂರ ಇದ್ದರೆ ಕೊನೆಯ ಎರಡು ಓವರ್ ಕಾರಿನಲ್ಲೇ.

ಪಂದ್ಯ ನೋಡುವುದರಲ್ಲೂ ಒಂದೆರಡು ಎಚ್ಚರ ಬೇಕು. ಇಲ್ಲಿ ಐಪಿಎಲ್ ಬರುವುದು ವಿಲೋ ಟಿವಿಯಲ್ಲಿ. ಆ್ಯಪ್ ಮೂಲಕ ನೋಡಿದರೆ ಮೈದಾನದ ಆಟಕ್ಕಿಂತ ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಂದೆ ಇರುತ್ತೀರಿ. ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ ಬೆಂಗಳೂರಿನ ಭಾವ ವಾಟ್ಸಾಪ್‌ನಲ್ಲಿ 'ಹೋಯ್ತು' ಅಂತ ಹಾಕಿರುತ್ತಾರೆ. ಊರಿನ ಗುಂಪುಗಳನ್ನೂ ಸ್ಕೋರ್ ಆ್ಯಪ್‌ಗಳ ಸೂಚನೆಯನ್ನೂ 6:30ಕ್ಕೇ ಬಂದ್ ಮಾಡಿಡಿ. ಒಂದೇ ಮನೆಯಲ್ಲಿ ಎರಡು ಕೋಣೆಗಳಲ್ಲಿ ಎರಡು ಪರದೆ ಹಾಕುವುದೂ ಬೇಡ. ಅವೆರಡೂ ಒಂದೇ ತಾಳದಲ್ಲಿ ಬರುವುದಿಲ್ಲ, ಒಳಗಿನ ಚಪ್ಪಾಳೆ ಹೊರಗಿನವರ ಆಟ ಕೆಡಿಸುತ್ತದೆ. ಬೆಳಗಿನ ತಿಂಡಿ ಕಾಫಿ, ಬಿಸ್ಕತ್ತಿಗೆ ನಿಲ್ಲಲಿ. ಉಪ್ಪಿಟ್ಟು ಹೊಡೆದು ಡಿಮ್ ಸಮ್‌ಗೆ ಹೋಗುವವರು ದುಡ್ಡು ದಂಡ ಮಾಡುವವರು. (ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕೊನೆಗೂ ಕಪ್ ಎತ್ತಿದ 2025ರ ಜೂನ್ 3ರ ಫೈನಲ್ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಅದು ಮಂಗಳವಾರ, ಕೆಲಸದ ದಿನ.)

ಟೇಬಲ್‌ಗೆ ಕೂತ ಕೂಡಲೇ ಮೊದಲ ಪ್ರಶ್ನೆ ಚಹಾದ್ದು. ಏನೂ ಹೇಳದಿದ್ದರೆ ಸಾಮಾನ್ಯವಾಗಿ ಮಲ್ಲಿಗೆ ಚಹಾ ಬರುತ್ತದೆ. ಜಿಡ್ಡಿನ ತಿಂಡಿಗೆ ಹೊಂದುವುದು 'ಬೋ ಲೇ', ಅಂದರೆ ಪು-ಅರ್: ಕಪ್ಪು ಬಣ್ಣ, ಮಣ್ಣಿನ ವಾಸನೆ, ಎಷ್ಟು ಹೊತ್ತು ನೆನೆದರೂ ಕಹಿ ಏರುವುದು ಕಡಿಮೆ. ಕೆಫೀನ್ ಬೇಡದವರು ಸೇವಂತಿಗೆ ಕೇಳಬಹುದು. ಚಹಾಕ್ಕೆ ತಲೆಗಿಷ್ಟು ಅಂತ ಬಿಲ್‌ನಲ್ಲಿ ಸೇರಿರುತ್ತದೆ, ಬಿಸಿನೀರು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಕೂಗಿ ಕರೆಯುವ ಅಗತ್ಯವಿಲ್ಲ. ಕೆಟಲ್ ಮುಚ್ಚಳವನ್ನು ಓರೆಯಾಗಿ ಇಟ್ಟರೆ ಸಾಕು. ಪಕ್ಕದವರು ನಿಮ್ಮ ಬಟ್ಟಲಿಗೆ ಚಹಾ ಸುರಿದಾಗ ಎರಡು ಬೆರಳಿನಿಂದ ಮೇಜು ತಟ್ಟುವುದೇ ಧನ್ಯವಾದ. ಮಾತು ನಿಲ್ಲಿಸಬೇಕಿಲ್ಲ.

ಈಗ ತಿಂಡಿಯನ್ನು ತಳ್ಳುಗಾಡಿಯಲ್ಲಿ ಮೇಜಿನ ಬಳಿ ತರುವ ಹೋಟೆಲುಗಳು ಕಡಿಮೆಯಾಗುತ್ತಿವೆ, ಹೆಚ್ಚಿನ ಕಡೆ ಬೇಕಾದ್ದಕ್ಕೆ ಗುರುತು ಹಾಕಿ ಕೊಡುವ ಚೀಟಿ. ಆರು ಜನಕ್ಕೆ 15 ತಟ್ಟೆ ಸರಿಹೋಗುತ್ತದೆ. ಎಣಿಕೆ ತಪ್ಪುವುದು ಬುಟ್ಟಿಯೊಳಗಿನ ಸಂಖ್ಯೆಯಿಂದ. ತೆಳು ಹಿಟ್ಟಿನ ಸಿಪ್ಪೆಯೊಳಗೆ ಸೀಗಡಿ ತುಂಬಿದ ಹಾರ್ ಗಾವ್, ಹಂದಿ-ಸೀಗಡಿಯ ಸಿಯು ಮಾಯ್ ಸಾಮಾನ್ಯವಾಗಿ ಬುಟ್ಟಿಗೆ ನಾಲ್ಕು. ಹಂದಿಮಾಂಸ ತುಂಬಿದ ಮೆತ್ತನೆ ಬನ್ ಚಾರ್ ಸಿಯು ಬಾವ್, ಮೊಟ್ಟೆಯ ಸಿಹಿ ದಾನ್ ತಾತ್ ಮೂರು. ಆರು ಜನಕ್ಕೆ ಒಂದು ಬುಟ್ಟಿ ಹಾರ್ ಗಾವ್ ತರಿಸಿದರೆ ಇಬ್ಬರು ಬಾಯಿ ನೋಡಿಕೊಂಡು ಕೂರಬೇಕು. ಚೀಟಿಯನ್ನು ಒಂದೇ ಸಲ ತುಂಬಿ ಕೊಡಬೇಡಿ. ಅಡುಗೆಮನೆ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತಂದು ಸುರಿಯುತ್ತದೆ, ಮೂರನೇ ಬುಟ್ಟಿಗೆ ಕೈ ಹಾಕುವಾಗ ಹಾರ್ ಗಾವ್ ಸಿಪ್ಪೆ ಬಿಗಿದು, ಕಾಗದಕ್ಕೆ ಅಂಟಿ, ಎತ್ತಿದರೆ ಹರಿಯುತ್ತದೆ. ಮೊದಲ ಸುತ್ತಿಗೆ ಹಬೆಯವು ಮತ್ತು ಅಕ್ಕಿಹಾಳೆಯ ಚೆಯುಂಗ್ ಫನ್. ಎರಡನೇ ಸುತ್ತಿಗೆ ಕರಿದವು, ಮೂಲಂಗಿಯ ಲೋ ಬಾಕ್ ಗೋ. ತಾವರೆ ಎಲೆಯಲ್ಲಿ ಕಟ್ಟಿದ ಅಂಟು ಅಕ್ಕಿಯ ಲೋ ಮಾಯ್ ಗಾಯ್ ಹೊಟ್ಟೆಗೆ ಭಾರ, ಅದು ಕೊನೆಗೇ ಬರಲಿ. ದಾನ್ ತಾತ್ ತಿನ್ನುವುದು ಕಡೆಯಲ್ಲಾದರೂ ಹೇಳುವುದು ಮೊದಲೇ, ಅದು ಬೇಗ ಖಾಲಿಯಾಗುತ್ತದೆ.

ನಮ್ಮವರ ಗುಂಪಿನಲ್ಲಿ ಸಸ್ಯಾಹಾರಿಗಳು ಇರದೆ ಇರುವುದಿಲ್ಲ. ಅವರ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಸರು ನೋಡಿ ನಂಬಿದರೆ ಮೋಸ. ಮೂಲಂಗಿ ಕೇಕ್ ಎಂದರೂ ಲೋ ಬಾಕ್ ಗೋ ಒಳಗೆ ಸಾಮಾನ್ಯವಾಗಿ ಹಂದಿ ಸಾಸೇಜ್, ಒಣ ಸೀಗಡಿ ಇರುತ್ತವೆ. ಕೆಸುವಿನ ಗೆಡ್ಡೆಯ ಗರಿಗರಿ ವೂ ಗೋಕ್ ಒಳಗೆ ಹಂದಿಮಾಂಸ. ದಾನ್ ತಾತ್‌ಗೆ ಮೊಟ್ಟೆಯಂತೂ ಇದ್ದೇ ಇದೆ, ಅದರ ಪದರದ ಹಿಟ್ಟಿನಲ್ಲಿ ಹಂದಿ ಕೊಬ್ಬೂ ಇರಬಹುದು. ಗಾಯ್ ಲಾನ್ ಸೊಪ್ಪು ಬೇಯಿಸಿದ್ದೇ ಆದರೂ ಮೇಲೆ ಸುರಿಯುವುದು ಆಯಿಸ್ಟರ್ ಸಾಸ್. 'ಸಾಸ್ ಬೇರೆ ಬಟ್ಟಲಲ್ಲಿ ಕೊಡಿ' ಅನ್ನಿ. ಎಳ್ಳು ಮೆತ್ತಿದ ಜಿನ್ ದೋಯ್ ಉಂಡೆಯೊಳಗೆ ಕೆಂಪು ಕಾಳಿನ ಅಥವಾ ತಾವರೆ ಬೀಜದ ಸಿಹಿ ಹೂರಣ ಇದ್ದರೂ ಕರಿಯುವ ಎಣ್ಣೆ ಬೇರೆಯದಲ್ಲ. ಕೇಳಬಹುದಾದ್ದು ಏನೂ ತುಂಬದ ಚೆಯುಂಗ್ ಫನ್, ಮತ್ತು ಎಣ್ಣೆಯ ಚಿಂತೆ ಇಲ್ಲದವರಿಗೆ ಕರಿದ ಹಿಟ್ಟಿನ ಕೋಲನ್ನು ಅಕ್ಕಿಹಾಳೆಯಲ್ಲಿ ಸುತ್ತಿದ ಜಾ ಲೌಂಗ್. ಇದು ಮೆತ್ತಗೆ, ಗರಿಗರಿ ಎರಡೂ ಒಟ್ಟಿಗೆ; ಮಾಂಸ ತಿನ್ನುವವರೂ ಇದರ ಮೇಲೆ ಕೈಹಾಕುತ್ತಾರೆ, ಆದ್ದರಿಂದ ಎರಡು ತಟ್ಟೆ ಹೇಳಿ. 'ಮಾಂಸ ಬೇಡ' ಎಂದರೆ ಸೀಗಡಿ ಬರಬಹುದು. ಬೌದ್ಧ ಸಸ್ಯಾಹಾರಕ್ಕೆ ಕ್ಯಾಂಟನೀಸ್‌ನಲ್ಲಿ 'ಜಾಯ್' ಅನ್ನುತ್ತಾರೆ, ಈ ಒಂದು ಶಬ್ದ ಅರ್ಧ ಕೆಲಸ ಮುಗಿಸುತ್ತದೆ. ದನದ ಮಾಂಸ ತಿನ್ನದವರು ಹಬೆಯಲ್ಲಿ ಬೇಯಿಸಿದ ದುಂಡನೆ ಉಂಡೆಗಳನ್ನು ಕೇಳದೆ ತೆಗೆದುಕೊಳ್ಳಬಾರದು, ಸಾಮಾನ್ಯವಾಗಿ ಅವು ದನದ್ದೇ.

ಬಿಲ್ ಬಂದಾಗ ತಟ್ಟೆಗಳನ್ನು ಸಣ್ಣ, ಮಧ್ಯಮ, ದೊಡ್ಡ, ಸ್ಪೆಷಲ್ ಎಂಬ ಗಾತ್ರದ ಲೆಕ್ಕದಲ್ಲಿ ಹಾಕಿರುತ್ತಾರೆ. ಆರು ಜನಕ್ಕಿಂತ ಹೆಚ್ಚಿದ್ದರೆ ಟಿಪ್ಸ್ ಮೊದಲೇ ಸೇರಿಸಿರುವ ಸಾಧ್ಯತೆ ಹೆಚ್ಚು. ಆ ಸಾಲು ನೋಡದೆ ಮೇಲೆ ಮತ್ತೊಮ್ಮೆ ಟಿಪ್ಸ್ ಬರೆಯುವುದು ಇಲ್ಲಿ ಸರ್ವೇಸಾಮಾನ್ಯ.

ಮಧ್ಯಾಹ್ನದ ಬ್ಯಾಸ್ಕೆಟ್‌ಬಾಲ್‌ಗೆ ಮೊದಲ ಕ್ವಾರ್ಟರ್ ತಪ್ಪಿದರೆ ನಷ್ಟವಿಲ್ಲ, ಎನ್‌ಬಿಎ ಪಂದ್ಯಗಳು ಗಟ್ಟಿಯಾಗುವುದು ಕೊನೆಯ ಕ್ವಾರ್ಟರ್‌ನಲ್ಲಿ. 48 ನಿಮಿಷದ ಆಟ ಟಿವಿಯಲ್ಲಿ ಎರಡೂವರೆ ಗಂಟೆ. ಕಟ್ಟಿಸಿಕೊಂಡು ಬಂದ ಹಬೆಯ ತಿಂಡಿಯನ್ನು ಇದರ ಜೊತೆ ತಿನ್ನುವ ಆಸೆ ಬಿಡಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆವರಿ ಅದು ಮುದ್ದೆಯಾಗಿರುತ್ತದೆ. ಬೇಕೇಬೇಕು ಅಂದರೆ 99 ರಾಂಚ್‌ನಂಥ ಏಷ್ಯನ್ ದಿನಸಿ ಅಂಗಡಿಯ ಫ್ರೋಜನ್ ಪೊಟ್ಟಣ ತಂದಿಡಿ, ಹಾಫ್‌ಟೈಮ್‌ನ 15 ನಿಮಿಷ ಅದಕ್ಕೆ ಅಳತೆ ಮಾಡಿಟ್ಟಂತಿದೆ. ಎರಡನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷ ಟೈಮ್‌ಔಟ್, ಫೌಲ್ ಅಂತ ಎಳೆದಾಡುತ್ತದಲ್ಲ, ಆಗ ಇಡ್ಲಿ ಪಾತ್ರೆಗೆ ಎರಡು ಇಂಚು ನೀರು ಹಾಕಿ ಒಲೆ ಹಚ್ಚಿ. ನೀರು ಕುದಿದು ಹಬೆ ಜೋರಾದ ಮೇಲೆಯೇ ತಿಂಡಿ ಒಳಗೆ ಹೋಗಬೇಕು. ಹಾರ್ ಗಾವ್‌ಗೆ 8 ನಿಮಿಷ, ಸಿಯು ಮಾಯ್‌ಗೆ 10, ಬಾವ್‌ಗೆ 12ರಿಂದ 15. ಐಸ್ ಬಿಡಿಸಲು ಹೋಗಬೇಡಿ, ಕರಗಿದ ನೀರು ಸಿಪ್ಪೆಗೆ ಇಳಿದು ಅಂಟಾಗಿ ಒಡೆಯುತ್ತದೆ. ಇಡ್ಲಿ ಪಾತ್ರೆಯ ಇನ್ನೊಂದು ಕಾಟ ಮುಚ್ಚಳದ್ದು. ಬಿದಿರಿನ ಮುಚ್ಚಳ ಹಬೆಯನ್ನು ಹೀರುತ್ತದೆ, ಸ್ಟೀಲ್ ಮುಚ್ಚಳ ಹನಿಹನಿಯಾಗಿ ಮೇಲೆ ಸುರಿಸುತ್ತದೆ, ಬಾವ್ ಮೇಲೆ ಕಲೆ ಬೀಳುತ್ತದೆ. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ, ಗುಳಿಯಿರುವ ತಟ್ಟೆಗಳ ಬದಲು ಚಪ್ಪಟೆ ಜಾಲರಿ ಇಟ್ಟು ಎಲೆಕೋಸಿನ ಎಲೆ ಹಾಸಿ.

ಸಸ್ಯಾಹಾರಿಗಳಿಗೆ ಶನಿವಾರವೇ ಮನೆಯಲ್ಲಿ ಹಾರ್ ಗಾವ್ ಸಿಪ್ಪೆ ಮಾಡಿಕೊಳ್ಳಬಹುದು. 100 ಗ್ರಾಂ ಗೋಧಿ ಸ್ಟಾರ್ಚ್ (ಮೈದಾ ಅಲ್ಲ), 50 ಗ್ರಾಂ ಟಾಪಿಯೋಕಾ ಸ್ಟಾರ್ಚ್, ಚಿಟಿಕೆ ಉಪ್ಪು, ಸುಮಾರು 180 ಮಿಲಿ ಕುದಿಯುವ ನೀರು, ಒಂದು ಚಮಚ ಎಣ್ಣೆ. ಉಕ್ಕರಿಸಿದ ಅಕ್ಕಿ ರೊಟ್ಟಿಯ ಹಿಟ್ಟಿನ ಹಾಗೆಯೇ ಇದೂ: ನೀರು ಬರೀ ಬಿಸಿಯಾಗಿದ್ದರೆ ಸ್ಟಾರ್ಚ್ ಬೇಯದೆ ಹಿಟ್ಟು ಪುಡಿಪುಡಿ, ಕುದಿಯುತ್ತಿರುವಾಗಲೇ ಸುರಿದು ಐದು ನಿಮಿಷ ಮುಚ್ಚಿಟ್ಟು ನಾದಿದರೆ ನಯ. ನಾದಿದ್ದನ್ನು ಒದ್ದೆ ಬಟ್ಟೆಯಡಿ ಇಟ್ಟು, ಒಂದೊಂದೇ ಉಂಡೆ ತೆಗೆದು, ಎಣ್ಣೆ ಸವರಿದ ಅಗಲ ಚಾಕುವಿನ ಮೈಯಿಂದ ಒತ್ತಿ. ಒಳಗೆ ಅಣಬೆ, ಕ್ಯಾರೆಟ್, ವಾಟರ್ ಚೆಸ್ಟ್‌ನಟ್ ಹುರಿದು ಪೂರ್ತಿ ಆರಿಸಿದ ಹೂರಣ. ನೀರು ಬಿಡುತ್ತಿದ್ದರೆ ಅಂಚು ಕೂಡುವುದಿಲ್ಲ. ಕಟ್ಟಿದ್ದನ್ನು ಹಾಗೇ ಫ್ರೀಜರ್‌ಗೆ ಸೇರಿಸಿ, ಫ್ರಿಜ್‌ನಲ್ಲಿ ರಾತ್ರಿ ಇಟ್ಟರೆ ಸಿಪ್ಪೆ ಬಿರಿಯುತ್ತದೆ.

ಹೋಟೆಲಿನಲ್ಲಿ ಉಳಿದದ್ದರಲ್ಲಿ ಮನೆಗೆ ತರಲು ಯೋಗ್ಯವಾದ್ದು ಲೋ ಬಾಕ್ ಗೋ ಮತ್ತು ಲೋ ಮಾಯ್ ಗಾಯ್. ಮೊದಲನೆಯದನ್ನು ಸೋಮವಾರ ಬೆಳಗ್ಗೆ ಕಾವಲಿ ಮೇಲೆ ಎರಡೂ ಕಡೆ ಕೆಂಪಗೆ ಕಾಯಿಸಿದರೆ ಹೋಟೆಲಿನದಕ್ಕಿಂತ ಒಂದು ಕೈ ಮೇಲು. ಎರಡನೆಯದನ್ನು ಎಲೆ ಬಿಚ್ಚದೆ ಹತ್ತು ನಿಮಿಷ ಹಬೆಗೆ ಇಡಿ. ಚೆಯುಂಗ್ ಫನ್ ಮಾತ್ರ ಅಲ್ಲೇ ತಿಂದು ಮುಗಿಸಬೇಕು. ಫ್ರಿಜ್‌ಗೆ ಹೋಗಿ ಬಂದರೆ ಅದು ರಬ್ಬರ್.