ಅರಬ್ಬೀ ಸಮುದ್ರ ತೆರೆದುಕೊಳ್ಳುವ ಹಲಗೆ: ಎರಡನೇ ಉರುಳೆ ಜೋಡಿ ಕೂತಿತು

ಭಾರತ ಮಡಗಾಸ್ಕರಿನಿಂದ ಬೇರೆಯಾಗಿ ಏಷ್ಯಾದತ್ತ ಸರಿದದ್ದನ್ನು ಕೈಯಿಂದ ತಳ್ಳಿ ತೋರಿಸುವ ಹಲಗೆಯ ಮಾದರಿಯೊಂದನ್ನು ಮಾಡುತ್ತಿದ್ದೇನೆ. ಅದರಲ್ಲಿ ಭಾರತದ ಪ್ಲೈವುಡ್ ತುಂಡು ಈಗ ಜಾಡಿನಲ್ಲಿ ಸರಾಗವಾಗಿ ಓಡುತ್ತಿದೆ. ಅಳತೆ ಒಂದು ಸೆಂಟಿಮೀಟರಿಗೆ ನೂರು ಕಿಲೋಮೀಟರ್. ಜಾಡಿನ ಅಂಚಿಗೆ ಹತ್ತು ಲಕ್ಷ ವರ್ಷಕ್ಕೊಂದು ಕಚ್ಚು ಹಾಕಿ, ಅದಕ್ಕೆ ತಾಗುವಂತೆ ಬಿದಿರಿನ ಸೀಳು ಕೂರಿಸಿದ್ದೇನೆ. ಸುಮಾರು 6.7 ಕೋಟಿ ವರ್ಷದ ಹಿಂದೆ ಭಾರತ ವರ್ಷಕ್ಕೆ 15 ಸೆಂಟಿಮೀಟರಿನಷ್ಟು ಓಡುತ್ತಿತ್ತು. ಅಲ್ಲಿ ಕಚ್ಚಿನಿಂದ ಕಚ್ಚಿಗೆ ಒಂದೂವರೆ ಸೆಂಟಿಮೀಟರ್. ಏಷ್ಯಾಕ್ಕೆ ಡಿಕ್ಕಿಯಾದ ಮೇಲೆ, ಅಂದರೆ ಸುಮಾರು 5 ಕೋಟಿ ವರ್ಷದಿಂದೀಚೆಗೆ, ಬರೀ ಅರ್ಧ ಸೆಂಟಿಮೀಟರ್. ಒಂದೇ ಸಮನೆ ತಳ್ಳಿದರೆ ಮೊದಲು ಟಕ್, ಟಕ್ ಅಂತ ಬಿಡಿಬಿಡಿಯಾಗಿ ಕೇಳಿ, ಕೊನೆಗೆ ಟಕಟಕ ಶುರುವಾಗುತ್ತದೆ. ಹಿಮಾಲಯಕ್ಕೆ ತಲೆ ಕೊಟ್ಟದ್ದು ಕೈಗೇ ಗೊತ್ತಾಗುತ್ತದೆ.

ಮಡಗಾಸ್ಕರನ್ನು ದಡದ ಗೆರೆಗೆ ಕೊಯ್ದಿಲ್ಲ, ನೀರೊಳಗಿನ ಖಂಡದಂಚಿಗೆ ಕೊಯ್ದೆ. 1965ರಲ್ಲಿ ಭೂಭೌತವಿಜ್ಞಾನಿ ಎಡ್ವರ್ಡ್ ಬುಲ್ಲಾರ್ಡ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನ ಎರಡೂ ಕಡೆಯ ಖಂಡಗಳನ್ನು ಹೊಂದಿಸಿದ್ದು ಸುಮಾರು 900 ಮೀಟರ್ ಆಳದ ಗೆರೆ ಹಿಡಿದೇ.

ಹೆಚ್ಚು ಹೊತ್ತು ತಿಂದದ್ದು ಕಡಲತಳ. ಮಡಗಾಸ್ಕರ್ ಸುಮಾರು 8.8 ಕೋಟಿ ವರ್ಷದ ಹಿಂದೆ ಬೇರೆಯಾಗತೊಡಗಿತು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದವೇ. ಆಮೇಲೆ, ದಖ್ಖನ್ನಿನ ಲಾವಾ ಹರಿದ ಆಸುಪಾಸಿನಲ್ಲಿ, ಬಿರುಕು ಜಾಗ ಬದಲಿಸಿ ಸೀಶೆಲ್ಸ್‌ಗೂ ನಮಗೂ ನಡುವೆ ಬಾಯಿಬಿಟ್ಟಿತು. ಹಾಗಾಗಿ ಕಡಲತಳದ ಬದಲು ಉರುಳೆಗೆ ಸುತ್ತಿದ ಬಟ್ಟೆ ಎರಡು ಕಡೆ ಬಿಚ್ಚಿಕೊಳ್ಳಬೇಕು. ಈಗ ಕೂರಿಸಿದ್ದು ಎರಡನೆಯದು, ಕಡಲತಳ ಸೀಳಿ ಹೊಸ ತಳ ಹುಟ್ಟುವ ಬೆಟ್ಟಸಾಲು, ಅಂದರೆ ಕಾರ್ಲ್ಸ್‌ಬರ್ಗ್ ಏಣು. ಒಂದು ಜೋಡಿ ಪಿವಿಸಿ ಪೈಪಿಗೆ ನೀಲಿ ಲೈನಿಂಗ್ ಬಟ್ಟೆ ಸುತ್ತಿದೆ. ಸೀಳಿನಿಂದ ಒಂದು ತುದಿ ಸೀಶೆಲ್ಸ್ ಕಡೆಗೆ, ಇನ್ನೊಂದು ಭಾರತದ ಕಡೆಗೆ. ಸೀಶೆಲ್ಸ್ ನಿಂತಿದ್ದು ಭಾರತ ಸರಿದರೆ ನಡುವಿನ ಏಣು ಅದರ ಅರ್ಧ ದೂರ ಸರಿಯಲೇಬೇಕು. ಇಡೀ ಜೋಡಿಯನ್ನು ಡ್ರಾಯರ್ ಚಾನೆಲ್ ಮೇಲೆ ಕೂರಿಸಿ, ಸರಿಯುವ ರಾಟೆಗೆ ದಾರ ಕಟ್ಟಿದೆ. ಹಲಗೆ ಎರಡು ಗೇಣು ಹೋದರೆ ಏಣು ಒಂದು ಗೇಣು.

ಬಟ್ಟೆಗೆ ಕಪ್ಪು-ಬಿಳಿ ಪಟ್ಟೆ ಬಳಿಯುವ ಕೆಲಸ ನಡೆದಿದೆ. ಲಾವಾ ತಣಿಯುವಾಗ ಆಗಿನ ಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಭೂಮಿಯ ಕಾಂತ ಆಗಾಗ ತಿರುಗಿಬೀಳುತ್ತದೆ; ಹಾಗಾಗಿ ಏಣಿನ ಎರಡೂ ಬದಿಯ ತಳದಲ್ಲಿ ಅದು ಪಟ್ಟೆಪಟ್ಟೆಯಾಗಿ ಉಳಿಯುತ್ತದೆ. ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಇದನ್ನು ವಾದಿಸಿದ್ದು ಇದೇ ಕಾರ್ಲ್ಸ್‌ಬರ್ಗ್ ಏಣಿನ ಅಳತೆಗಳನ್ನಿಟ್ಟುಕೊಂಡು. ಮಂಗಳೂರಿನ ಆಚೆಯ ನೀರಿನಡಿ ಕಡಲತಳ ಹರಡುವುದಕ್ಕೆ ಅಷ್ಟು ದೊಡ್ಡ ಸಾಕ್ಷಿ ಮಲಗಿದೆಯೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ನನಗದು ದೊಡ್ಡ ನಷ್ಟವೆನಿಸುತ್ತದೆ.

"ಮಾಮ, ಹಾಸನ ಎಲ್ಲಿ?" ಎಂದಳು ಅಕ್ಕನ ಮಗಳು. ಗೊರೂರಿನ ಕಡೆ ಕಾಂಪೌಂಡಿಗೆ ಒಡೆದ ಕಲ್ಲಿನಿಂದ ಹೆಸರುಕಾಳಿನಷ್ಟು ಚೂರು ತಂದಿದ್ದೆ, ಅದನ್ನು ಅಂಟಿಸಿದೆವು. ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಗೆರೆಗಳ ನಡುವೆ ಕಪ್ಪು ಅಭ್ರಕದ ಹೊಳಪು. ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಈಗಿರುವ ಕಡಲತಳವೋ, ಹೆಚ್ಚುಕಡಿಮೆ ಎಲ್ಲವೂ 20 ಕೋಟಿ ವರ್ಷದೊಳಗಿನದು: ಆ ತಳದ ಬಸಾಲ್ಟು ಕಲ್ಲು ತಣಿದಷ್ಟೂ ಭಾರವಾಗಿ ಮತ್ತೆ ಒಳಗಿಳಿಯುತ್ತದೆ, ಹಗುರ ನೈಸ್ ಮೇಲೆಯೇ ಉಳಿಯುತ್ತದೆ. ಬಟ್ಟೆಯನ್ನು ಎಷ್ಟು ಸಲವಾದರೂ ಸುತ್ತಿ ಬಿಚ್ಚಬಹುದು, ಈ ಚೂರು ಕದಲದಂತೆ ಎಂ-ಸೀಲ್ ಹಾಕಿದ್ದೇನೆ.

ಬಾಬಾಬುಡನ್ ಬೆಟ್ಟಕ್ಕೆ ಕಬ್ಬಿಣದ ಪಟ್ಟೆಗಲ್ಲಿನ ಚೂರು ಬೇಕು; ಆ ಪದರಗಳು ಕೂತದ್ದು ಅರಬ್ಬೀ ಸಮುದ್ರಕ್ಕೂ ಎಷ್ಟೋ ಹಿಂದಿನ, ಈಗ ಗುರುತೂ ಇಲ್ಲದ ಒಂದು ಕಡಲಿನ ತಳದಲ್ಲಿ. ಮುಂದಿನ ಕೆಲಸ ಉತ್ತರದ್ದು: ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಕಡಲಾದ ಟೆಥಿಸ್‌ನ ಬಟ್ಟೆ ಟಿಬೆಟ್ಟಿನಡಿ ಸುತ್ತಿಕೊಳ್ಳಬೇಕು, ಅದರ ಹಿಂದೆಯೇ ಭಾರತದ ಮೂತಿಯೂ ನುಗ್ಗಬೇಕು. ಅಲ್ಲಿಗೆ ಮೂರು ಮಿಲಿಮೀಟರ್ ಪ್ಲೈ ಸಾಕೇ ಅಂತ ಆಚಾರ್ರನ್ನು ಕೇಳಬೇಕು.